ಪಟ್ಟೆಪಟ್ಟೆ ಬೆಳಕು

ಲಾಡ್ಜುಗಳ ಹೆಸರನ್ನು ಗಾಜಿನ ಕೊಳವೆಯಲ್ಲಿ ಬರೆಯುತ್ತಿದ್ದ ಕಾಲ ಅದು. ಉಪ್ಪಾರಪೇಟೆಯ ಅರ್ಧ ಬೋರ್ಡುಗಳು ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹುಟ್ಟುತ್ತವೆ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಅಪ್ಪ ಉರಿಯ ಮೇಲೆ ಕೊಳವೆ ಬಗ್ಗಿಸಿ ಅಕ್ಷರ ಮಾಡುತ್ತಿದ್ದರು. ಒಳಗಿನ ಗಾಳಿಯನ್ನು ಪಂಪಿನಿಂದ ತೆಗೆದು, ನಿಯಾನ್‌ನಂಥ ಗ್ಯಾಸ್ ತುಂಬಿ, ನೀಲಿ ಬೇಕಿದ್ದರೆ ಒಂದು ಹನಿ ಪಾದರಸ ಬಿಟ್ಟು, ಕರೆಂಟು ಕೊಡುತ್ತಿದ್ದರು. ಕೋಣೆಯಲ್ಲಿ ಸದಾ ಕಾದ ಗಾಜಿನ, ಸುಟ್ಟ ರಬ್ಬರಿನ ವಾಸನೆ. ತಟ್ಟೆಯಲ್ಲಿ ಪಾದರಸ ಉರುಳಿಸುವುದು ನನ್ನ ಆಟ, ಯಾರೂ ಬೇಡವೆನ್ನುತ್ತಿರಲಿಲ್ಲ.

ಕೆಲವೊಮ್ಮೆ ಬೆಳಕು ಒಂದೇ ಸಮನೆ ಹತ್ತದೆ, ಪಟ್ಟೆಪಟ್ಟೆಯಾಗಿ ಒಡೆದು, ಮಣಿಗಳಂತೆ ನಡುಗುತ್ತ ಕೊಳವೆಯ ಉದ್ದಕ್ಕೂ ಹರಿದಾಡುತ್ತಿತ್ತು. ನನಗೆ ಅದೇ ಚೆಂದ, ಅಪ್ಪನಿಗೆ ಅದೇ ತಲೆನೋವು. “ಒಳಗಿನ ಗ್ಯಾಸ್ ಶುದ್ಧ ಇಲ್ಲ ಕಣಮ್ಮ. ಬೆಳಕು ನಡುಗಿದ್ರೆ ಬೋರ್ಡ್ ಯಾರೂ ತಗೊಳಲ್ಲ,” ಎಂದು ಮತ್ತೆ ಪಂಪಿಗೆ ಹಚ್ಚುತ್ತಿದ್ದರು.

ಒಂದು ವರ್ಷ ದೀಪಾವಳಿಗೆ ಮುಂಚೆ ಅಪ್ಪನ ಕೈಯೇ ನಡುಗತೊಡಗಿತು. ಲೋಟದಿಂದ ಕಾಫಿ ತುಳುಕುತ್ತಿತ್ತು. ಸುಮ್ಮಸುಮ್ಮನೆ ರೇಗುತ್ತಿದ್ದರು. ಅಮ್ಮನ ಅಣ್ಣ ಕುಡಿದು ಕುಡಿದೇ ಸತ್ತವನು. ಅವನಿಗೂ ಮೊದಲು ಕೈ ನಡುಗಿತ್ತಂತೆ. ಅಮ್ಮ ಬಾಯಿಬಿಟ್ಟು ಕೇಳಿದಳು. ಅಪ್ಪ ಇಲ್ಲವೇ ಇಲ್ಲ ಎಂದರು. ಅವಳು ನನ್ನನ್ನು ಎಳೆತಂದು ಅವರ ಮುಂದೆ ನಿಲ್ಲಿಸಿದಳು.

“ಮಗು ತಲೆ ಮೇಲೆ ಕೈಯಿಟ್ಟು ಹೇಳಿ.”

ಅಪ್ಪ ಇಟ್ಟರು. “ಇವಳಾಣೆ, ನಾನು ಕುಡಿಯಲ್ಲ.”

ಕೈ ಮಾತ್ರ ನನ್ನ ಕೂದಲ ಮೇಲೆ ಗಡಗಡ ನಡುಗುತ್ತಿತ್ತು. ಅಮ್ಮ ನೋಡುತ್ತಿದ್ದದ್ದು ಅದನ್ನೇ. “ಬಾಯಿ ಒಂದು ಹೇಳತ್ತೆ, ಕೈ ಒಂದು ಹೇಳತ್ತೆ,” ಎಂದವಳು ನನ್ನನ್ನು ಕರೆದುಕೊಂಡು ಮಲ್ಲೇಶ್ವರದ ಅಜ್ಜಿಮನೆಗೆ ಹೊರಟೇಬಿಟ್ಟಳು. ಆ ಸಲದ ಕಜ್ಜಾಯ ತಿಂದದ್ದು ಅಲ್ಲೇ.

ಹಬ್ಬ ಮುಗಿಯುತ್ತಲೇ ಸುದ್ದಿ ಬಂತು. ಕೋಣೆಯಲ್ಲಿ ಕುಸಿದು ಬಿದ್ದಿದ್ದ ಅಪ್ಪನನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರು. ಕುಡಿತವಲ್ಲ, ಪಾದರಸದ ಆವಿ ವರ್ಷಗಟ್ಟಲೆ ಮೈಗೆ ಸೇರಿದೆ, ಈ ನಡುಕ ಇನ್ನು ಹೋಗುವುದಿಲ್ಲ ಎಂದರು ಡಾಕ್ಟರು. ಅಮ್ಮ ಬಿಕ್ಕುತ್ತ ಅಪ್ಪನ ಕೈ ಹಿಡಿದು ನನ್ನ ತಲೆಯ ಮೇಲೆ ಇಡಹೋದಳು. ಅಪ್ಪ ಹಿಂದಕ್ಕೆ ಎಳೆದುಕೊಂಡರು.

“ಬೇಡ. ನಡುಗತ್ತೆ.”

ಅಮ್ಮ ಕೊನೆಯವರೆಗೂ ಅವರಿಗೆ ತುತ್ತು ಮಾಡಿ ಉಣಿಸಿದಳು. ಪಂಪು ಗುಜರಿಗೆ ಹೋಯಿತು. ಈಗ ಉಪ್ಪಾರಪೇಟೆಯ ಬೋರ್ಡುಗಳೆಲ್ಲ ಎಲ್‌ಇಡಿ. ಒಂದೇ ಸಮನೆ ಉರಿಯುತ್ತವೆ. ಹಳೆಯ ನಿಯಾನ್ ಬೆಳಕು ಹೋಯಿತೆಂದು ಮರುಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಕಳೆದುಕೊಂಡದ್ದು ಬೇರೆ. ನನ್ನ ಮದುವೆಯ ದಿನ ಕಾಲಿಗೆ ಬಿದ್ದಾಗಲೂ ಅಪ್ಪ ಎರಡು ಕೈಗಳನ್ನೂ ಶಲ್ಯದೊಳಗೆ ಇಟ್ಟುಕೊಂಡೇ ಹರಸಿದರು.