ಮನೆಯಿಂದ ಮನೆಗೆ

ಸೇಡಂ ಬಸ್ ಸ್ಟ್ಯಾಂಡಿನ ಎದುರು ನನ್ನ ಪರಿಚಯದ ಹಿರಿಯರೊಬ್ಬರದು ಟಿಕೆಟ್ ಬುಕಿಂಗ್ ಅಂಗಡಿ. ಹೈದರಾಬಾದಿನಿಂದ ಮುಂಬೈಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಯಾರು ಕೇಳಿದರೂ ರೇಗುತ್ತಿದ್ದರು. "ಹಾರೋದು ಒಂದೂವರಿ ತಾಸ್ರಿ. ಮನಿಯಿಂದ ಮನಿಗಿ ಎಷ್ಟು ಅಂತ ಕೇಳ್ರಿ!" ಆಮೇಲೆ ಇಲ್ಲಿಯ ಬಸ್ಸು, ಏರ್‌ಪೋರ್ಟಿನ ಸಾಲು, ಅಲ್ಲಿಯ ಟ್ರಾಫಿಕ್ಕು ಎಂದು ಒಂದೊಂದೇ ಬೆರಳು ಮಡಚಿ, ಹತ್ತು ತಾಸು ಮಾಡಿ ತೋರಿಸಿಯೇ ಟಿಕೆಟ್ ತೆಗೆಯುತ್ತಿದ್ದರು.

ಒಂದು ಬೆಳಿಗ್ಗೆ ನಾನು ಎದುರಿಗೆ ಕೂತಿದ್ದಾಗಲೇ ಮುಂಬೈಯಿಂದ ಅವರ ತಂಗಿಯ ಗಂಡನ ಫೋನು ಬಂತು. ತಂಗಿ ತೀರಿಕೊಂಡಿದ್ದಳು. ಸಂಜೆಗೇ ಮಣ್ಣು ಮಾಡುವುದೋ, ನಾಳೆಯವರೆಗೆ ಇಡುವುದೋ ಎಂದು ಇವರನ್ನೇ ಕೇಳುತ್ತಿದ್ದರು.

"ಇಡಬ್ಯಾಡ್ರಿ, ಸಂಜಿಗೇ ಮಾಡ್ರಿ. ಒಂದೂವರಿ ತಾಸಿನ ದಾರಿ, ನಾ ಬಂದೇ ಬಿಟ್ಟೆ," ಎಂದವರೇ ಎದ್ದು ಹೊರಟರು. ಬೆರಳು ಮಡಚಲಿಲ್ಲ. ಆ ಲೆಕ್ಕ ಕೇಳಿ ಕೇಳಿ ಬಾಯಿಪಾಠವಾಗಿದ್ದ ನನಗೂ ಹೊಳೆಯಲಿಲ್ಲ.

ಇವರು ಮುಟ್ಟುವ ಹೊತ್ತಿಗೆ ಕುಣಿ ಮುಚ್ಚಿ ಜನ ಮನೆಗೆ ಹೋಗಿದ್ದರಂತೆ.

ತಿಂಗಳಾದ ಮೇಲೆ ಅಂಗಡಿಗೆ ಹೋದೆ. ಮುಂಬೈಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಒಬ್ಬ ಹೆಂಗಸು ಕೇಳಿದಳು. ಅವರು ರೇಗಲಿಲ್ಲ. ಒಂದು ಬೆರಳು ಮಡಚಿ, ಅದನ್ನೇ ನೋಡುತ್ತ ಕೂತರು. ಆಮೇಲೆ ಕಂಪ್ಯೂಟರನ್ನು ಆಕೆಯ ಕಡೆ ತಿರುಗಿಸಿದರು.

"ಇದರಾಗ ಅದರಿ. ನೀವೇ ನೋಡ್ಕೋರಿ."