ಹಸಿ ಗೋಡೆ, ಬಿಸಿ ಔಷಧಿ

ಜಯನಗರದ ಒಂದು ಆಸ್ಪತ್ರೆಯಲ್ಲಿ ನಾನು ಡಯಟೀಷಿಯನ್. ಅಂದರೆ, ಹಸಿದವರಿಗೆಲ್ಲ "ಇವತ್ತು ಬೇಡ" ಅನ್ನೋ ಕೆಲಸ. ಸಾರಕ್ಕಿಯ ನಂಜುಂಡಪ್ಪನವರಿಗೂ ಅದನ್ನೇ ಹೇಳೋಕೆ ಹೋದೆ. ಡಾಕ್ಟರು ಅವರ ಹೊಟ್ಟೆಯ ಗಡ್ಡೆ ತೆಗೆದು, ಕರುಳಿನ ಎರಡು ತುದಿ ಸೇರಿಸಿ ಹೊಲಿದು, ಹೊಟ್ಟೆಯೊಳಗೆ ಬಿಸಿ ಕೀಮೋ ಔಷಧಿ ಹರಿಸಿದ್ದರು.

"ಆ ಬಿಸಿಗೂ ಔಷಧಿಗೂ ಕರುಳು ಕೂಡಿಕೊಳ್ಳೋದು ನಿಧಾನ ಆಗಬಹುದು ಸಾರ್. ಅದಕ್ಕೇ ಊಟ ತಡ."

ಹೊಲ ಇದ್ದ ಜಾಗದಲ್ಲಿ ಮೂರು ಬಾಡಿಗೆ ಮನೆ ಕಟ್ಟಿಸಿದವರು ಅವರು. ದಿಂಬಿನಿಂದ ತಲೆ ಎತ್ತಿದರು. "ಹಸಿ ಗೋಡೆಗೆ ಬಿಸಿನೀರು ಹುಯ್ದ ಮೇಸ್ತ್ರಿ ಯಾರಮ್ಮ ಅವನು?"

"ಕಣ್ಣಿಗೆ ಕಾಣದೆ ಉಳಿದಿರೋ ಕ್ಯಾನ್ಸರ್ ಸಾಯಲಿ ಅಂತ ಸಾರ್."

"ಹಂಗಾದ್ರೆ ಸರಿ. ಗೋಡೆ ಗಟ್ಟಿಯಾಗೋವರೆಗೂ ಕ್ಯೂರಿಂಗ್ ಆಗ್ಲಿ ಬಿಡು."

ಇಷ್ಟು ಸುಲಭವಾಗಿ ನನ್ನ ಮಾತು ಕೇಳಿದ ಪೇಷೆಂಟ್ ಇನ್ನೊಬ್ಬರಿಲ್ಲ. ಫಜೀತಿ ಶುರುವಾಗಿದ್ದು ಡಾಕ್ಟರು ಗಂಜಿಗೆ ಒಪ್ಪಿಗೆ ಕೊಟ್ಟ ದಿನ. ನಂಜುಂಡಪ್ಪ ಬಟ್ಟಲನ್ನು ಆಚೆ ತಳ್ಳಿದರು.

"ಇಪ್ಪತ್ತೊಂದು ದಿನ ಆಗದೆ ಸ್ಲ್ಯಾಬ್ ಮೇಲೆ ಒಂದು ಇಟ್ಟಿಗೆ ಇಡಿಸಿದವನಲ್ಲ ನಾನು."

ಊಟ ಇಲ್ಲದೆ ಗಾಯ ಮಾಯಲ್ಲ ಅಂತ ಡಾಕ್ಟರು ಹೇಳಿದರು. ಹೆಂಡತಿ ಬೈದರು. ಮನುಷ್ಯ ಜಗ್ಗಲಿಲ್ಲ. ಕೊನೆಗೆ ನಾನೇ ಕೇಳಿದೆ, "ಆ ಇಪ್ಪತ್ತೊಂದು ದಿನ ಸ್ಲ್ಯಾಬ್ ಮೇಲೆ ನೀರು ನಿಲ್ಲಿಸ್ತೀರಲ್ಲ ಸಾರ್, ಒಣಗೋಕೆ ಬಿಟ್ರೆ ಏನಾಗುತ್ತೆ?"

"ಬಿರುಕು ಬಿಡುತ್ತೆ," ಅಂದವರು ಒಂದು ಕ್ಷಣ ಬಟ್ಟಲನ್ನೇ ನೋಡಿದರು. ಆಮೇಲೆ ಸ್ಪೂನ್ ಕೇಳಿದರು.

ಡಿಸ್ಚಾರ್ಜ್ ದಿನ ಹೇಳಿ ಹೋಗೋಣ ಅಂತ ನನ್ನ ರೂಮಿಗೆ ಬಂದರು. ಕುರ್ಚಿ ಹಿಂದಿನ ಗೋಡೆಯಲ್ಲಿ ಉದ್ದಕ್ಕೆ ಬಿಟ್ಟಿದ್ದ ಬಿರುಕನ್ನು ಬೆರಳಲ್ಲಿ ಸವರಿ ನೋಡಿದರು.

"ಪಾಪ ಕಣಮ್ಮ," ಅಂದರು. "ಇದಕ್ಕೆ ಯಾರೂ ಗಂಜಿ ಕೊಟ್ಟಿಲ್ಲ."