ಎದೆಪಟ್ಟಿಯೂ ಗುಂಡಗಡಗಿಯೂ

ಜಳಕದ ಬಿಸಿನೀರು ಎದೆಗೆ ಬಿದ್ದೊಡನೆ ಚುರ್ ಎಂದದ್ದು, ಗೆಳೆಯರೇ, ನೀರಿನ ತಪ್ಪಲ್ಲ. ಎದೆಯ ನಡುವೆ, ಅಡಕೆಗಿಂತ ದೊಡ್ಡದು, ನಿಂಬೆಗಿಂತ ಸಣ್ಣದು ಎನ್ನುವಂಥ ಒಂದು ನೀಲಿ ಕಲೆ ದುಂಡಗೆ ಮೂಡಿ ಕೂತಿತ್ತು. ಅದು ನನ್ನ ಗುಂಡಗಡಗಿಯ ಮುದ್ರೆ. ಇಷ್ಟಲಿಂಗವನ್ನು ಒಡಲಲ್ಲಿಟ್ಟುಕೊಂಡು ಕೊರಳ ಶಿವದಾರಕ್ಕೆ ತೂಗುವ ಬೆಳ್ಳಿಯ ಪುಟ್ಟ ಭರಣಿಯದು. ಆ ಬಡಪಾಯಿಯನ್ನು ಹಾಗೆ ಅದುಮಿದ್ದು ಗೋವೆಯಿಂದ ನಾನು ಮೆರೆಯುತ್ತ ಹೊತ್ತು ತಂದಿದ್ದ, ನೀರಿನಡಿ ಮುಳುಗಿ ಈಜುವವರು ತೊಡುವ ಸ್ಕೂಬಾ ಪಟ್ಟಿ.

ಬೈಲಹೊಂಗಲದಲ್ಲಿ ಮೊಬೈಲು ಇನ್ನೂ ಹೊಸದಾಗಿ ಅಂಗಿಯ ಕಿಸೆಗೆ ಬಂದಿದ್ದ ಕಾಲ. ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಸುಮ್ಮನಿರಬೇಕಾದ ನನಗೆ ನೀರಿನ ಹುಚ್ಚು ಹಿಡಿದಿತ್ತು. ರಜೆ ಬಂದರೆ ಬೆಳಗಾವಿಯ ಬಸ್ಸು, ಅಲ್ಲಿಂದ ಘಟ್ಟವಿಳಿದು ಗೋವೆ. ಗಾಳಿಯ ಸಿಲಿಂಡರನ್ನು ಸಾಮಾನ್ಯವಾಗಿ ಬೆನ್ನಿಗೆ ಹೊರುತ್ತಾರೆ. ಸೈಡ್‌ಮೌಂಟ್ ಎಂಬ ಬಗೆಯಲ್ಲಿ ಮಾತ್ರ ಅವು ಕಂಕುಳ ಕೆಳಗೆ ಎರಡೂ ಮಗ್ಗುಲಿಗೆ ತೂಗುತ್ತವೆ, ಬೆನ್ನು ಬರಿದಾಗಿ ಎಂಥ ಇಕ್ಕಟ್ಟಿನಲ್ಲೂ ನುಸುಳಬಹುದು. ತನ್ನ ದೇಶಕ್ಕೆ ಮರಳುತ್ತಿದ್ದ ಬಿಳಿಯನೊಬ್ಬ ಬಿಟ್ಟುಹೋದ ಹಳೆಯ ಪಟ್ಟಿ ನನ್ನ ಪಾಲಿಗೆ ಬಂತು. ಅವನು ಬಾಗಿಲು ಬಗ್ಗಿ ದಾಟುವ ಆಳು. ನಾನೋ ಎಷ್ಟು ರೊಟ್ಟಿ ತಿಂದರೂ ಮೈಗೆ ಹತ್ತದ ಜೀವ. ಹೆಗಲ ಪಟ್ಟಿಯನ್ನು ಒಂದು ಬೆರಳು ಬಿಗಿಮಾಡಬೇಕೆಂದರೂ ಎಲ್ಲವನ್ನೂ ಕಳಚಿ, ಬಕಲಿನಿಂದ ಹೊರಗೆಳೆದು, ಮತ್ತೆ ಪೋಣಿಸಬೇಕಿತ್ತು. ಎದೆಪಟ್ಟಿಯಂತೂ ಊರೆಲ್ಲ ಬಿಟ್ಟು ಗುಂಡಗಡಗಿಯ ಮೇಲೇ ಬಂದು ಕೂರುತ್ತಿತ್ತು.

ಲಿಂಗ ತೆಗೆದಿಟ್ಟು ಇಳಿದರಾಯಿತಲ್ಲ ಎಂದೀರಿ. ನಮ್ಮ ಮನೆಯಲ್ಲಿ ಅದು ಆಗದ ಮಾತು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೇ. ಕಲೆಯನ್ನು ಕಂಡ ಅವ್ವ ಕೂಗಾಡಲಿಲ್ಲ. "ಪಟ್ಟಿ ನೆಟ್ಟಗ ಮಾಡ್ಕೊ, ಇಲ್ಲಾ ನೀರ ಬಿಡು. ಲಿಂಗ ಮಾತ್ರ ಮೈ ಬಿಡಬಾರದು ನೋಡಪಾ," ಎಂದು ರೊಟ್ಟಿ ಬಡಿಯಲು ಕೂತಳು. ನೀರು ಬಿಡುವುದೇ! ತಲೆಯ ಮೇಲೆ ಬೆಳಕು ಅಲುಗುವುದನ್ನು ಒಳಗಿನಿಂದ ಒಮ್ಮೆ ಕಂಡವನಿಗೆ ಆ ಮಾತು ಉಸಿರು ಬಿಡು ಎಂದಂತೆ ಕೇಳಿಸಿತು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನೂ ಹಾಗೆಯೇ ಮರುದಿನವೇ ಪೇಟೆಗೆ ಓಡಿದೆ. ಸಾಲಿಯ ಮಕ್ಕಳ ಚೀಲ ಹೊಲಿಯುವ ಅಂಗಡಿಯಲ್ಲಿ, ತುದಿ ಹಿಡಿದೆಳೆದರೆ ಬಿಗಿಯಾಗುವ, ಎತ್ತಿದರೆ ಸಡಿಲಾಗುವ ಬಕಲುಗಳನ್ನು ಕಂಡಾಗ ನನಗಾದ ಹಿಗ್ಗು ಹೇಳತೀರದು. ಸೈಕಲ್ ಟ್ಯೂಬನ್ನು ಸೀಳಿ ಹೆಗಲ ಪಟ್ಟಿಗೆ ಮೆತ್ತಗೆ ತೊಡಿಸಿದೆ. ಉಳಿದ ಟ್ಯೂಬಿನಲ್ಲಿ ಸಿಲಿಂಡರಿನ ಕೊರಳನ್ನು ಕಂಕುಳಿಗೆ ಎಳೆದು ಹಿಡಿಯುವ ಕುಣಿಕೆ ಮಾಡಿದೆ. ಕೊನೆಗೆ ನನ್ನ ಜಾಣತನದ ಶಿಖರ: ಹಳೆಯ ಕೌದಿಯ ತುಂಡಿನಿಂದ ಎದೆಪಟ್ಟಿಯ ಮೇಲೊಂದು ಪುಟ್ಟ ಕಿಸೆ ಹೊಲಿದು, ಗುಂಡಗಡಗಿಯನ್ನು ಶಿವದಾರದ ಸಮೇತ ಅದರೊಳಗೆ ಬೆಚ್ಚಗೆ ಕೂರಿಸಿ, ಗುಂಡಿ ಹಾಕಿದೆ. ನೋವಿಲ್ಲ, ಒತ್ತಡವಿಲ್ಲ! ಪಡಸಾಲೆಯಲ್ಲಿ ತೊಟ್ಟು, ಸಣ್ಣದು ದೊಡ್ಡದು ಮಾಡುವುದು ಈಗ ಎಷ್ಟು ಸರಳ ಎನ್ನುತ್ತ, ಮದುಮಗನ ಹಾಗೆ ಅವ್ವನ ಮುಂದೆ ಅತ್ತಿತ್ತ ಅಡ್ಡಾಡಿದೆ.

"ಚಂದ ಆಗೇತಿ. ಈಗ ತಗದ ತೋರ್ಸು," ಎಂದಳು ಅವ್ವ.

ತೆಗೆದೆ. ಪಟ್ಟಿ ಒಂದೇ ಎಳೆತಕ್ಕೆ ಸರ್ರನೆ ಕಳಚಿ ಕೈಗೆ ಬಂತು. ಅದರೊಂದಿಗೆ ಲಿಂಗವೂ ಬಂತು. ಕೈ ತಾನಾಗಿ ಎದೆಗೆ ಹೋಯಿತು, ಎದೆ ಬರಿದಾಗಿತ್ತು. "ಅಲ್ಲೋ, ಅದು ನಿನ್ನ ಮೈಮ್ಯಾಲ ಎಲ್ಲೈತಿ? ಪಟ್ಟಿ ಮೈಮ್ಯಾಲ ಐತಿ," ಎಂದಳು ಅವ್ವ. ಭಕ್ತಿ ಹಾಗಿರಲಿ, ನೀರಿನಡಿ ಎಲ್ಲಾದರೂ ಸಿಕ್ಕಿಬಿದ್ದರೆ ಪಟ್ಟಿಯನ್ನೇ ಕಳಚಿ ಬಿಟ್ಟು ಮೇಲೆ ಬರಬೇಕು, ಮೈಗೂ ಪಟ್ಟಿಗೂ ಗಂಟು ಇರಬಾರದು ಎಂದು ಗೋವೆಯಲ್ಲಿ ಕಲಿತ ಪಾಠವನ್ನೂ ನಾನು ಕಿಸೆ ಹೊಲಿಯುವ ಸಡಗರದಲ್ಲಿ ಮರೆತಿದ್ದೆ.

ಕಿಸೆಯ ಹೊಲಿಗೆ ಬಿಚ್ಚಿದೆ. ಎದೆಪಟ್ಟಿಯನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿ, ಶಿವದಾರವನ್ನು ತುಸು ಉದ್ದಮಾಡಿ, ಗುಂಡಗಡಗಿ ಪಟ್ಟಿಗಿಂತ ಕೆಳಗೆ, ಹೊಕ್ಕಳಿಗಿಂತ ಮೇಲೆ, ಬನಿಯನ್ನಿನ ಒಳಗೆ ಮೈಗಂಟಿ ಕೂರುವಂತೆ ಮಾಡಿದೆ. ಕಟ್ಟಿದೆ, ಕಳಚಿದೆ, ಮತ್ತೆ ಕಟ್ಟಿ ಕಳಚಿದೆ. ಪಟ್ಟಿ ಬಂತು, ಲಿಂಗ ಅಲುಗಲಿಲ್ಲ. ಅವ್ವ ತಲೆಯಾಡಿಸಿದಳು. ಬಿಗಿದಿಡುವುದಕ್ಕೂ ಜೋಪಾನ ಮಾಡುವುದಕ್ಕೂ ಎಷ್ಟು ಅಂತರವಿದೆ ಎಂದು ಆ ಹೊತ್ತು ನನಗೆ ಅನಿಸಿದ್ದು ನಿಜ, ಆದರೆ ಹೆಚ್ಚು ಯೋಚಿಸುವ ತಾಳ್ಮೆ ಯಾರಿಗಿತ್ತು? ನಮ್ಮ ಹೊಲದ ಬಾವಿ ಕರೆಯುತ್ತಿತ್ತು.

ಪಟ್ಟಿಯ ಜೊತೆಗೇ ಗೋವೆಯಿಂದ ಗಾಳಿ ತುಂಬಿಸಿ ತಂದಿದ್ದ ಸಿಲಿಂಡರುಗಳನ್ನು ತೂಗಿಸಿಕೊಂಡು ಭಾನುವಾರ ಇಳಿದೆ. ಒಳಗೆ ಹಸಿರು ಬೆಳಕು, ಕಲ್ಲಿನ ಸಂದಿನಲ್ಲಿ ಮೀನು, ಮಗ್ಗುಲಿಗೆ ಹಗುರಾದ ಸಿಲಿಂಡರುಗಳು, ಎಲ್ಲೂ ಒತ್ತದ ಪಟ್ಟಿ! ಕೂಗಬೇಕೆನಿಸಿತು, ಬಾಯಲ್ಲಿ ಉಸಿರ ಕೊಳವೆಯಿತ್ತು. ಮೇಲೆ ಬಂದಾಗ ಅವ್ವ ನೀರಿಗೆ ಹತ್ತಿದ ಮೆಟ್ಟಿಲಲ್ಲೇ ಕೂತಿದ್ದಳು. ನನ್ನ ಎದೆಯತ್ತ ನೋಡಲೇ ಇಲ್ಲ.

"ಒಳಗ ಏನ ಕಾಣ್ತೈತೋ?"

ಹೇಳಿದೆ, ಏದುಸಿರಲ್ಲಿ, ಎಲ್ಲವನ್ನೂ ಒಟ್ಟಿಗೆ. ಅವಳು ಬಗ್ಗಿ ನೀರಿಗೆ ಕೈ ಅದ್ದಿದಳು. "ರಾಮದುರ್ಗದ ಕಡೆ ನಮ್ಮ ತವರಮನಿ ಬಾವ್ಯಾಗ ನಾನೂ ಈಸತಿದ್ನಿ. ಸೊಸಿಯಾಗಿ ಬಂದ ಮ್ಯಾಲೆ ಈ ಬಾವ್ಯಾಗ ನೀರ ತುಂಬೇನಿ, ಇಳದಿಲ್ಲ." ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, "ಸಣ್ಣದ ದೊಡ್ಡದ ಮಾಡೂದು ಈಗ ಭಾಳ ಸರಳ ಅಂತಿದ್ದೆಲ್ಲ, ನನ್ನ ಅಳತಿಗೆ ಬರತೈತೇನು?" ಎಂದಳು.

ಸೊಂಟದುದ್ದ ನೀರಿನ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ, ಸೀರೆಯ ಮೇಲೆಯೇ ಪಟ್ಟಿ ತೊಡಿಸಿದೆ. ಅವಳು ತನ್ನ ಶಿವದಾರವನ್ನು ತಾನೇ ಒಳಗೆ ಸರಿಸಿಕೊಂಡಳು. ನಾನು ಹೆಗಲ ತುದಿಗಳನ್ನು ಹಿಡಿದು ಮೆಲ್ಲಗೆ ಎಳೆದೆ. "ಇನ್ನಷ್ಟ ಬಿಗಿ ಮಾಡೋ," ಎಂದಳು ಅವ್ವ.